ಗೆದ್ದಲು ಸಾಕುವ ನೌಕರಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ನಿಮ್ಮ ನೌಕರಿ ಬಗ್ಗೆ ಒಂದಿಷ್ಟು ಮಾತಾಡ್ರಿ" ಎಂದು ಸಂಘಟಕರು ಹೇಳಿದಾಗ ನಾನು ಸ್ವಲ್ಪ ಹಿಂಜರಿದೆ. ನನ್ನ ಸಹಪಾಠಿಗಳಲ್ಲಿ ಡಾಕ್ಟರ್ ಇದ್ದಾರೆ, ಸೈನ್ಯದಲ್ಲಿದ್ದು ಬಂದವರಿದ್ದಾರೆ, ಬ್ಯಾಂಕಿನವರಿದ್ದಾರೆ, ದ್ರಾಕ್ಷಿ ಬೆಳೆದು ಹೆಸರು ಮಾಡಿದವರಿದ್ದಾರೆ. ಅವರ ಕೆಲಸ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನದು ಹಾಗಲ್ಲ. ಕಟ್ಟಿಗೆ ಪರೀಕ್ಷೆ ಮಾಡುವ ಪ್ರಯೋಗಶಾಲೆಯಲ್ಲಿ ನನಗೆ ಕೆಲಸ ಸಿಕ್ಕಾಗ ಅಪ್ಪ ಕೇಳಿದರು:

"ಅಲ್ಲಿ ಏನ್ ಮಾಡ್ತಿಯೋ ತಮ್ಮಾ?"

"ಗೆದ್ದಲ ಹಿಡಕೊಂಡು ಬಂದು ಸಾಕೋದು, ಅಪ್ಪ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಗೆದ್ದಲ ಸಾಕಾಕ ಪಗಾರ ಕೊಡ್ತಾರೇನು? ನಾವು ಮನ್ಯಾಗ ಪುಕ್ಕಟೆ ಸಾಕೇವಲ್ಲೋ!"

ಅವರು ಹೇಳಿದ್ದು ಸುಳ್ಳಲ್ಲ. ನಮ್ಮದು ಜಂತಿ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲದರ ಮೇಲೆ ಮಣ್ಣು. ಮಳೆಗಾಲದಲ್ಲಿ ಎಲ್ಲಿ ಸೋರುತ್ತದೋ ಅಲ್ಲಿಗೆ ಗೋಡೆಯೊಳಗಿನಿಂದ ಗೆದ್ದಲು ಏರುತ್ತಿತ್ತು. ಒಂದು ವರ್ಷ ಮುತ್ಯಾನ ಸಂದೂಕ ತೆಗೆದಾಗ ಮೇಲಿನ ಬಟ್ಟೆಗಳು ಮಡಚಿಟ್ಟ ಹಾಗೆಯೇ ಇದ್ದವು. ಕೆಳಗೆ ಕೈ ಹಾಕಿದರೆ ಬರೀ ಮಣ್ಣು. ಹೊಲದ ಉತಾರ, ಹಳೆಯ ಖರೀದಿ ಪತ್ರ, ಅಪ್ಪನ ಶಾಲೆ ಬಿಟ್ಟ ಸರ್ಟಿಫಿಕೇಟು, ಎಲ್ಲವೂ ಹೋಗಿದ್ದವು. ಸಂದೂಕದ ತಳಕ್ಕೂ ನೆಲಕ್ಕೂ ನಡುವೆ ಒಂದು ಕಲ್ಲು ಇಟ್ಟಿರಲಿಲ್ಲ, ಅಷ್ಟೇ ತಪ್ಪು. ಮುಂದೆ ಅಪ್ಪನ ಹುಟ್ಟಿದ ತಾರೀಖು ಬೇಕಾದಾಗ ಅವರು ಓದಿದ ಶಾಲೆಗೆ ಹೋದೆವು. ಅಲ್ಲಿನ ಮಾಸ್ತರರು ದಾಖಲಾತಿ ರಿಜಿಸ್ಟರನ್ನು ಕಬ್ಬಿಣದ ಕಪಾಟಿನಲ್ಲಿ ಜೋಪಾನ ಮಾಡಿದ್ದರು. ಆ ಒಂದು ಕಪಾಟಿನಿಂದ ಅಪ್ಪನ ವಯಸ್ಸು ಉಳಿಯಿತು. ಗೆದ್ದಲು ಏನು ತಿನ್ನುತ್ತದೆ, ಏನು ತಿನ್ನುವುದಿಲ್ಲ ಎಂಬ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಅಂದು.

ಈಗ ಹುಳದ ವಿಷಯಕ್ಕೆ ಬರುತ್ತೇನೆ. ಗೆದ್ದಲನ್ನು ಇಂಗ್ಲಿಷಿನವರು ಬಿಳಿ ಇರುವೆ ಎಂದು ಕರೆದರು. ಆದರೆ ಅದು ಇರುವೆಯಲ್ಲ. ಇರುವೆ ಅದರ ದೊಡ್ಡ ವೈರಿ. ನಾವು ಶಾಲೆಯಲ್ಲಿ ಗೆದ್ದಲಿಗೆ ಐಸಾಪ್ಟೆರಾ ಎಂಬ ಬೇರೆ ಗಣ ಎಂದು ಓದಿದ್ದೆವು. 2007ರಲ್ಲಿ ವಿಜ್ಞಾನಿಗಳು ಅನುವಂಶೀಯ ಪರೀಕ್ಷೆ ಮಾಡಿ, ಗೆದ್ದಲು ಜಿರಲೆಯ ವಂಶದೊಳಗೇ ಸೇರುತ್ತದೆ ಎಂದು ತೋರಿಸಿದರು. ಜಗತ್ತಿನಲ್ಲಿ ಸುಮಾರು 3000 ಜಾತಿಯ ಗೆದ್ದಲುಗಳಿವೆ, ನಮ್ಮ ದೇಶದಲ್ಲಿ 300ರ ಆಸುಪಾಸು. ಅವುಗಳಲ್ಲಿ ಮನೆಗೆ, ಬೆಳೆಗೆ ಹಾನಿ ಮಾಡುವವು ಕೆಲವೇ. ಉಳಿದವು ಒಣ ಎಲೆ, ಕಸ, ಸತ್ತ ಮರವನ್ನು ತಿಂದು ಮಣ್ಣಿಗೆ ಮರಳಿಸುತ್ತವೆ. ದಕ್ಷಿಣ ಭಾರತದ ಗೆದ್ದಲುಗಳನ್ನು ನೋಡಿ 1779ರಷ್ಟು ಹಿಂದೆಯೇ ವಿವರವಾಗಿ ಬರೆದವರು ತಂಜಾವೂರು ಸೀಮೆಯಲ್ಲಿದ್ದ ಯೋಹಾನ್ ಗೆರ್ಹಾರ್ಡ್ ಕೋನಿಗ್. ನಾವು ನಾಗರ ಪಂಚಮಿಗೆ ಹಾಲೆರೆಯುವ ಹುತ್ತವನ್ನು ಕಟ್ಟಿದ್ದೂ ಗೆದ್ದಲೇ. ಹಾವು ಅಲ್ಲಿ ಬಾಡಿಗೆ ಕೊಡದೆ ಇರುವ ಅತಿಥಿ.

ಹಾಗಾದರೆ ಇದನ್ನು ಸಾಕುವುದೇಕೆ? ಕಾರಣ ಸರಳ. ಒಬ್ಬರು ಎಣ್ಣೆ ತಂದು "ಇದನ್ನು ಹಚ್ಚಿದರೆ ಗೆದ್ದಲು ಹತ್ತುವುದಿಲ್ಲ" ಎನ್ನುತ್ತಾರೆ. ಇನ್ನೊಬ್ಬರು ಪ್ಲೈವುಡ್ ತಂದು ಹಾಗೆಯೇ ಹೇಳುತ್ತಾರೆ. ನಿಜವೋ ಸುಳ್ಳೋ ಎಂದು ಹೇಳಬೇಕಾದವರು ಯಾರು? ಗೆದ್ದಲೇ ಹೇಳಬೇಕು. ನಾವು ಅದರ ಮುಂದೆ ಕಟ್ಟಿಗೆ ಇಟ್ಟು, ಅದು ಕೊಡುವ ಉತ್ತರವನ್ನು ಬರೆದುಕೊಳ್ಳುವವರು. ಆದರೆ ಉತ್ತರ ಕೊಡುವ ಗೆದ್ದಲು ಗಟ್ಟಿಯಾಗಿರಬೇಕು. ನಾನು ಇವತ್ತು ಹೇಳುವ ಮಾತೆಲ್ಲ ಈ ಒಂದೇ ವಾಕ್ಯದ ವಿವರಣೆ.

ಮೊದಲ ತೊಡಕು, ಎಲ್ಲ ಗೆದ್ದಲೂ ಸಾಕುವುದಕ್ಕೆ ಒಗ್ಗುವುದಿಲ್ಲ. ನಮ್ಮ ಹೊಲ, ಕಣಿಕಿ ಬಣವಿ, ಗಿಡದ ತೊಗಟೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಒಡಾಂಟೊಟರ್ಮಿಸ್ ಎಂಬ ಗುಂಪಿನ ಗೆದ್ದಲು. ಬೆಂಗಳೂರು, ಕೋಲಾರದ ಕೆಂಪು ಮಣ್ಣಿನಲ್ಲಿ ಆಳೆತ್ತರದ ಹುತ್ತ ಕಟ್ಟುವವೂ ಇದೇ ಗುಂಪಿನವು. ಇವು ಒಕ್ಕಲುತನ ಮಾಡುವ ಹುಳಗಳು! ತಂದ ಕಟ್ಟಿಗೆ, ಎಲೆಯ ಚೂರುಗಳಿಂದ ಗೂಡಿನೊಳಗೆ ಜೇನುಹಟ್ಟಿಯಂಥ ತೋಟ ಮಾಡಿ, ಅದರಲ್ಲಿ ಒಂದು ಬಗೆಯ ಅಣಬೆ ಬೆಳೆಸುತ್ತವೆ. ಆ ಅಣಬೆಯೇ ಕಟ್ಟಿಗೆಯನ್ನು ಅವುಗಳಿಗೆ ಅರಗುವಂತೆ ಮಾಡಿಕೊಡುತ್ತದೆ. ಮಳೆ ಬಿದ್ದಾಗ ಹುತ್ತದ ಬುಡದಲ್ಲಿ ಏಳುವ ಅಣಬೆ ಅದೇ ತೋಟದ್ದು. ಈ ಹುಳಗಳನ್ನು ತೋಟದಿಂದ ಬೇರ್ಪಡಿಸಿ ಡಬ್ಬಿಯಲ್ಲಿ ಕಟ್ಟಿಗೆಯೊಡನೆ ಇಟ್ಟರೆ ಹೆಚ್ಚು ದಿನ ಬಾಳುವುದಿಲ್ಲ. ಬೆಳೆದ ರೈತನನ್ನು ಹೊಲದಿಂದ ಕಿತ್ತು ಕಾಳಿನ ಚೀಲವಿಲ್ಲದ ಕೋಣೆಯಲ್ಲಿ ಕೂಡಿಹಾಕಿದ ಹಾಗೆ.

ಎರಡನೆಯದು ಅಣಬೆ ಬೆಳೆಸದೆ ಕಟ್ಟಿಗೆಯನ್ನೇ ನೇರವಾಗಿ ತಿನ್ನುವ ನೆಲದ ಗೆದ್ದಲು. ಕಾಪ್ಟೋಟರ್ಮಿಸ್, ಹೆಟಿರೊಟರ್ಮಿಸ್ ಇವುಗಳ ಹೆಸರು. ಇವುಗಳ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಏಕಕೋಶ ಜೀವಿಗಳಿರುತ್ತವೆ. ಕಟ್ಟಿಗೆ ಅರಗಿಸುವಲ್ಲಿ ಅವುಗಳ ಪಾಲು ದೊಡ್ಡದು. 1920ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಎಂಬ ವಿಜ್ಞಾನಿ ಇಂಥ ಗೆದ್ದಲಿನ ಹೊಟ್ಟೆಯಿಂದ ಆ ಜೀವಿಗಳನ್ನು ತೆಗೆದು ನೋಡಿದರು. ಹುಳ ಕಟ್ಟಿಗೆ ತಿನ್ನುತ್ತಲೇ ಇತ್ತು, ಆದರೂ ಹಸಿವಿನಿಂದ ಸತ್ತಿತು. ಪೊರೆ ಕಳಚಿದಾಗಲೆಲ್ಲ ಈ ಜೀವಿಗಳು ಹೋಗಿಬಿಡುತ್ತವೆ, ಮತ್ತೆ ಜೊತೆಯ ಹುಳಗಳಿಂದಲೇ ಪಡೆಯಬೇಕು. ಆದ್ದರಿಂದ ಒಂಟಿ ಗೆದ್ದಲು ಬದುಕುವುದಿಲ್ಲ. ಅದನ್ನು ಗುಂಪಾಗಿಯೇ ತರಬೇಕು, ಗುಂಪಾಗಿಯೇ ಇಡಬೇಕು. ಡೆಹ್ರಾಡೂನಿನಲ್ಲಿ 1906ರಲ್ಲಿ ಆರಂಭವಾದ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಇನ್ನೊಂದು ಜಾತಿಯನ್ನು ಪರೀಕ್ಷೆಗೆ ಬಳಸಿದರು, ಮೈಕ್ರೋಸೆರೊಟರ್ಮಿಸ್ ಬೀಸೋನಿ. ಅದು ಜಗಿದ ಕಟ್ಟಿಗೆಯಿಂದ ರಟ್ಟಿನಂಥ ಗೂಡು ಕಟ್ಟುತ್ತದೆ. ಗೂಡನ್ನೇ ಎತ್ತಿಕೊಂಡು ಬಂದರೆ ಸಂಸಾರ ಸಮೇತ ಬಂದಂತೆ.

ಮೂರನೆಯದು ಒಣ ಕಟ್ಟಿಗೆಯ ಗೆದ್ದಲು. ಅದಕ್ಕೆ ನೆಲದ ನಂಟೇ ಬೇಡ. ಕುರ್ಚಿಯ ಕಾಲು, ಚೌಕಟ್ಟಿನ ಒಳಗೇ ಅದರ ಇಡೀ ಸಂಸಾರ. ಕೆಳಗೆ ಗಸಗಸೆಯಂಥ ಕಾಳು ಉದುರಿದರೆ ಅದರ ಹಿಕ್ಕೆ ಎಂದು ತಿಳಿಯಬೇಕು. ಇದನ್ನು ಇಡುವುದು ಸುಲಭ, ಕಟ್ಟಿಗೆ ತುಂಡಿನಲ್ಲೇ ತಿಂಗಳುಗಟ್ಟಲೆ ಇರುತ್ತದೆ. ಕರಾವಳಿಯ ಕಡೆ ಇದರ ಕಾಟ ಜಾಸ್ತಿ.

ಈಗ ಹಿಡಿಯುವ ಬಗೆ. ಗುದ್ದಲಿ ತೆಗೆದುಕೊಂಡು ಅಗೆದರೆ ಮಣ್ಣೂ ಸಿಗುತ್ತದೆ, ಹುಳವೂ ಸಿಗುತ್ತದೆ, ಆದರೆ ಅರ್ಧ ಹುಳ ಗಾಯವಾಗಿರುತ್ತವೆ. ಗೆದ್ದಲಿನ ಮೈ ಬಹಳ ಮೆತ್ತಗೆ. ಆದ್ದರಿಂದ ನಾವು ಅದನ್ನು ಹಿಡಿಯಲು ಹೋಗುವುದಿಲ್ಲ, ಊಟಕ್ಕೆ ಕರೆಯುತ್ತೇವೆ. ಗೆದ್ದಲು ಓಡಾಡುವ ಜಾಗ ನೋಡಿ ಮೆತ್ತನೆ ಕಟ್ಟಿಗೆಯ ಗೂಟಗಳನ್ನು ನೆಲಕ್ಕೆ ಹೊಡೆಯುತ್ತೇವೆ. ಗೂಟಕ್ಕೆ ಹುಳ ಹತ್ತಿದ್ದು ಕಂಡ ಮೇಲೆ ಅಲ್ಲಿ ತಳವಿಲ್ಲದ ಒಂದು ಡಬ್ಬಿ ಅಥವಾ ದಪ್ಪ ಪೈಪಿನ ತುಂಡು ಹೂಳುತ್ತೇವೆ. ಅದರೊಳಗೆ ಒದ್ದೆ ಮಾಡಿದ ರಟ್ಟಿನ ಸುರುಳಿ. ನೀವು ದ್ರಾಕ್ಷಿ ತುಂಬುವ ಬಾಕ್ಸಿನ ರಟ್ಟು ಇದೆಯಲ್ಲ, ನಡುವೆ ಅಲೆ ಅಲೆಯಾಗಿ ಇರುವಂಥದು, ಅದೇ. ಆ ಅಲೆಗಳ ಸಂದು ಗೆದ್ದಲಿಗೆ ಹೇಳಿ ಮಾಡಿಸಿದ ಓಣಿ. ಮೇಲೆ ಮುಚ್ಚಳ ಹಾಕಿ, ಬಿಸಿಲು ತಾಗದಂತೆ ಮಣ್ಣು ಮುಚ್ಚಿ, ಕೆಲವು ವಾರ ಬಿಟ್ಟು ಹೋದರೆ ಸುರುಳಿಯ ತುಂಬ ಹುಳ. ಹಳೆಯ ಸುರುಳಿ ತೆಗೆದು ಹೊಸದು ಇಟ್ಟರೆ ಅದೇ ಜಾಗದಲ್ಲಿ ಮತ್ತೆ ಸಿಗುತ್ತವೆ. ಅವಸರದಲ್ಲಿ ದಿನಾ ಮುಚ್ಚಳ ತೆಗೆದು ನೋಡಿದರೆ ಮಾತ್ರ ಅವು ಜಾಗ ಬಿಟ್ಟು ಹೋಗುತ್ತವೆ. ತಾಳ್ಮೆ ಇಲ್ಲದವನಿಗೆ ಈ ಕೆಲಸ ಆಗಿಬರುವುದಿಲ್ಲ.

ತಂದ ಮೇಲೆ ಬೇರ್ಪಡಿಸಬೇಕು. ಒಂದು ಅಗಲ ಪರಾತದ ಮೇಲೆ ರಟ್ಟು ಅಥವಾ ಕಟ್ಟಿಗೆಯನ್ನು ಹಿಡಿದು ಮೆಲ್ಲಗೆ ತಟ್ಟಿದರೆ ಹುಳ, ಮಣ್ಣು, ಪುಡಿ ಎಲ್ಲ ಕೂಡಿ ಬೀಳುತ್ತವೆ. ಅದರ ಒಂದು ಬದಿಗೆ ಒದ್ದೆ ಕಾಗದ ಹಾಸಿ ಕತ್ತಲೆ ಮಾಡಿ ಬಿಡುತ್ತೇವೆ. ಗಟ್ಟಿಮುಟ್ಟಾದ ಹುಳಗಳು ತಾವೇ ನಡೆದು ಕಾಗದದ ಕೆಳಗೆ ಸೇರುತ್ತವೆ. ಗಾಯವಾದವು, ಸುಸ್ತಾದವು ಹಿಂದೆ ಉಳಿಯುತ್ತವೆ. ಕಾಗದ ಎತ್ತಿದರೆ ಆರಿಸಿದ ಹುಳ ಕೈಗೆ ಬಂದ ಹಾಗೆ. ಎಣಿಸುವಾಗ ಬೆರಳು ತಾಗಿಸುವುದಿಲ್ಲ. ಚಿತ್ರ ಬರೆಯುವ ಮೆತ್ತನೆ ಕುಂಚ ಸಾಕು.

ಇಡುವ ಡಬ್ಬಿಯಲ್ಲಿ ತೊಳೆದು, ಕಾಯಿಸಿ, ಆರಿಸಿದ ಉಸುಕು. ಅದಕ್ಕೆ ನೀರು ಎಷ್ಟು? ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ನೀರು ಜಿನುಗಬಾರದು. ಕಡಿಮೆಯಾದರೆ ಹುಳ ಕೆಲವೇ ತಾಸಿನಲ್ಲಿ ಒಣಗುತ್ತವೆ, ಹೆಚ್ಚಾದರೆ ಬೂಸು ಹಿಡಿದು ಸಾಯುತ್ತವೆ. ಕೋಣೆ ಕತ್ತಲಾಗಿರಬೇಕು, ಶಾಖ 25ರಿಂದ 28 ಡಿಗ್ರಿಯಲ್ಲಿ ನಿಲ್ಲಬೇಕು, ಗಾಳಿಯಲ್ಲಿ ತೇವ ತುಂಬಿರಬೇಕು. ನಮ್ಮ ವಿಜಯಪುರದ ಏಪ್ರಿಲ್ ತಿಂಗಳು ಆ ಹುಳಕ್ಕೆ ಕೊಲೆ ಮಾಡಿದ ಹಾಗೆ. ಇನ್ನು ಇರುವೆ. ಒಂದು ಇರುವೆಯ ಸಾಲು ಕೋಣೆಗೆ ಬಂದರೆ ಒಂದು ರಾತ್ರಿಯಲ್ಲಿ ತಿಂಗಳ ಕೆಲಸ ಹಾಳು. ಅದಕ್ಕೆ ನಾನು ಮಾಡಿದ ಉಪಾಯವನ್ನು ಅವ್ವನಿಂದ ಕಲಿತದ್ದು. ಅವಳು ಬೆಲ್ಲದ ಡಬ್ಬಿಯನ್ನು ನೀರು ಹಾಕಿದ ತಾಟಿನಲ್ಲಿ ಇಡುತ್ತಿದ್ದಳು. ನಾನು ಟೇಬಲ್ಲಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ಇಟ್ಟೆ.

ಪರೀಕ್ಷೆ ಮಾಡುವ ರೀತಿಗೆ ದೇಶ ದೇಶದಲ್ಲಿ ಕಟ್ಟಳೆಗಳಿವೆ. ಅಮೆರಿಕದ ಒಂದು ಪದ್ಧತಿಯಲ್ಲಿ ಡಬ್ಬಿಗೆ 400 ಹುಳ, 28 ದಿನ. ಜಪಾನಿನಲ್ಲಿ 150 ಕೆಲಸಗಾರ ಹುಳ, 15 ಸೈನಿಕ ಹುಳ, 21 ದಿನ. ಯುರೋಪಿನಲ್ಲಿ 250 ಕೆಲಸಗಾರ ಹುಳ, 8 ವಾರ. ಸೈನಿಕರು ಏಕೆ ಕಡಿಮೆ ಎಂದರೆ, ಅವುಗಳ ಹಲ್ಲು ಕಾದಾಟಕ್ಕೆ ಬೆಳೆದದ್ದು, ಕಟ್ಟಿಗೆ ಕಡಿಯಲು ಬರುವುದಿಲ್ಲ. ಅವುಗಳಿಗೂ ಕೆಲಸಗಾರ ಹುಳವೇ ಬಾಯಿಂದ ಬಾಯಿಗೆ ಉಣಿಸಬೇಕು. ಉಣ್ಣುವವರು ಹೆಚ್ಚಾಗಿ ದುಡಿಯುವವರು ಕಡಿಮೆಯಾದರೆ ಯಾವ ಮನೆಯೂ ನಡೆಯುವುದಿಲ್ಲ. ಅವಧಿ ಮುಗಿದ ಮೇಲೆ ಕಟ್ಟಿಗೆ ತುಂಡನ್ನು ತೊಳೆದು ಒಣಗಿಸಿ ತೂಗುತ್ತೇವೆ, ಕಣ್ಣಿನಿಂದ ನೋಡಿ ಅಂಕ ಕೊಡುತ್ತೇವೆ. ಅಮೆರಿಕದ ಆ ಪದ್ಧತಿಯಲ್ಲಿ ಏನೂ ಆಗದಿದ್ದರೆ 10, ಸ್ವಲ್ಪ ಕೆರೆದಿದ್ದರೆ 9, ಒಳಗೆ ಹೊಕ್ಕಿದ್ದರೆ 7, ಬಹಳ ತಿಂದಿದ್ದರೆ 4, ಮುರಿದು ಬಿದ್ದರೆ 0. ಹತ್ತನೆಯ ಇಯತ್ತೆಯ ಪೇಪರ್ ತಿದ್ದಿದ ಹಾಗೆ.

ಆ ತಿದ್ದುವ ಕೆಲಸದಲ್ಲಿ ನಾನೇ ಫೇಲಾದ ಕತೆಯನ್ನು ಈಗ ಹೇಳುತ್ತೇನೆ. ಇಲ್ಲಿ ಕೂತಿರುವ ಮಕ್ಕಳಿಗೆ ಇದರಿಂದ ಉಪಯೋಗವಾದೀತು.

ನೌಕರಿಯ ಮೊದಲ ವರ್ಷ. ಒಬ್ಬ ವ್ಯಾಪಾರಸ್ಥರು ಕಟ್ಟಿಗೆಗೆ ಹಚ್ಚುವ ಒಂದು ಎಣ್ಣೆ ತಂದಿದ್ದರು. ಹುಳ ತರುವ ಜವಾಬ್ದಾರಿ ನನ್ನದು. ಬೇಸಿಗೆ, ಮಧ್ಯಾಹ್ನದ ಬಿಸಿಲು. ಹುಳವಿದ್ದ ರಟ್ಟುಗಳನ್ನು ತಗಡಿನ ಡಬ್ಬಿಯಲ್ಲಿ ತುಂಬಿ ಜೀಪಿನ ಹಿಂದೆ ಇಟ್ಟುಕೊಂಡು ಬಂದೆ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಬಂದ ಮೇಲೆ ಒದ್ದೆ ಕಾಗದ ಹಾಸಿ ಕಾಯುವ ತಾಳ್ಮೆ ಇರಲಿಲ್ಲ. ಪರಾತದಲ್ಲಿ ಬಿದ್ದದ್ದನ್ನೆಲ್ಲ ಬಾಚಿ ಎಣಿಸಿ, ಎಣ್ಣೆ ಹಚ್ಚಿದ ಕಟ್ಟಿಗೆಯ ಡಬ್ಬಿಗಳಿಗೂ ಬರೀ ಕಟ್ಟಿಗೆಯ ಡಬ್ಬಿಗಳಿಗೂ ಅದೇ ದಿನ ಹಾಕಿಬಿಟ್ಟೆ. ಎರಡು ವಾರ ಬಿಟ್ಟು ಎಣ್ಣೆ ಹಚ್ಚಿದ ಕಟ್ಟಿಗೆಯ ಡಬ್ಬಿ ಎತ್ತಿ ನೋಡಿದರೆ ಕಟ್ಟಿಗೆಗೆ ಒಂದು ಗೀರೂ ಇಲ್ಲ! ನನಗೆ ಎಷ್ಟು ಸಂತೋಷವಾಯಿತೆಂದರೆ, ಪರೀಕ್ಷೆಗೆಂದು ಕೊಟ್ಟ ಎಣ್ಣೆಯಲ್ಲಿ ಉಳಿದ ಒಂದು ಡಬ್ಬಿಯನ್ನು ಊರಿಗೆ ಕಳಿಸಿದೆ. ಆಗ ನಮ್ಮ ಮನೆಯಲ್ಲಿ ಹೊಸ ಬಾಗಿಲು ಕೂಡಿಸುತ್ತಿದ್ದರು. ಹಾಗೆ ಕಳಿಸಿದ್ದು ತಪ್ಪು, ಅದನ್ನು ಇಂದೂ ತಪ್ಪೆಂದೇ ಹೇಳುತ್ತೇನೆ. ಅಪ್ಪ ಚೌಕಟ್ಟಿಗೆ ಎರಡು ಸಲ ಹಚ್ಚಿ ಗೋಡೆಯಲ್ಲಿ ಕೂಡಿಸಿಬಿಟ್ಟರು.

28 ದಿನ ಮುಗಿಯಿತು. ಎಣ್ಣೆ ಹಚ್ಚಿದ ತುಂಡುಗಳಿಗೆಲ್ಲ 10 ಬರೆದು ಹಿರಿಯರ ಮುಂದೆ ಇಟ್ಟೆ. ಅವರು ನನ್ನ ಅಂಕ ನೋಡಲೇ ಇಲ್ಲ. "ಬರೀ ಕಟ್ಟಿಗೆ ಏನಾಯಿತು?" ಎಂದು ಕೇಳಿದರು. ಎಣ್ಣೆ ಹಚ್ಚದ ತುಂಡುಗಳನ್ನು ತೊಳೆದು ನೋಡಿದೆ. ಅವೂ 9, 10. ಡಬ್ಬಿಯೊಳಗೆ ಹುಳ ಹುಡುಕಿದರೆ ಬದುಕಿದ್ದವು ಬೆರಳೆಣಿಕೆಯಷ್ಟು. ಅವರು ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. ಎಣ್ಣೆ ಗೆದ್ದಿಲ್ಲ, ಆಟಕ್ಕೆ ಎದುರಾಳಿ ಬಂದೇ ಇರಲಿಲ್ಲ, ಎಂದರು. ಯುರೋಪಿನ ಕಟ್ಟಳೆಯಲ್ಲಿ ಇದನ್ನು ಬರೆದೇ ಇಟ್ಟಿದ್ದಾರೆ. ಬರೀ ಕಟ್ಟಿಗೆಯ ಡಬ್ಬಿಯಲ್ಲಿ ಕಡೇಪಕ್ಷ ಅರ್ಧದಷ್ಟು ಕೆಲಸಗಾರ ಹುಳಗಳು ಕೊನೆಯವರೆಗೆ ಬದುಕಿರಬೇಕು, ಆ ಕಟ್ಟಿಗೆಯನ್ನು ಜೋರಾಗಿ ತಿಂದಿರಬೇಕು. ಇಲ್ಲವಾದರೆ ಪರೀಕ್ಷೆಯೇ ಅಸಿಂಧು.

ಮತ್ತೆ ಮಾಡಿದೆವು. ಈ ಸಲ ಬೆಳಗಿನ ತಂಪಿನಲ್ಲಿ, ಒದ್ದೆ ಗೋಣಿ ಸುತ್ತಿದ ಡಬ್ಬಿಯಲ್ಲಿ ಹುಳ ತಂದೆ. ಒದ್ದೆ ಕಾಗದದ ಕೆಳಗೆ ತಾವಾಗಿ ಬಂದವನ್ನು ಮಾತ್ರ ಆರಿಸಿಕೊಂಡೆ. ಕೆಲವು ದಿನ ಸುಮ್ಮನೆ ಉಣ್ಣಲು ಬಿಟ್ಟು, ಸಾಯುವವು ಸತ್ತ ಮೇಲೆ, ಉಳಿದ ಗಟ್ಟಿ ಹುಳಗಳನ್ನು ಪರೀಕ್ಷೆಗೆ ಇಟ್ಟೆ. 28 ದಿನದ ಮೇಲೆ ಬರೀ ಕಟ್ಟಿಗೆ 0 ಮತ್ತು 4. ಎಣ್ಣೆ ಹಚ್ಚಿದ ಕಟ್ಟಿಗೆಯೂ ಬಹುತೇಕ 4. ಎಣ್ಣೆಯಲ್ಲಿ ವಾಸನೆ ಇತ್ತೇ ಹೊರತು ಶಕ್ತಿ ಇರಲಿಲ್ಲ. ನನ್ನ ಮೊದಲ ವರದಿ ಹೊರಗೆ ಹೋಗಿದ್ದರೆ ಎಷ್ಟು ಮನೆಯವರು ಅದನ್ನು ನಂಬಿ ದುಡ್ಡು ಕೊಡುತ್ತಿದ್ದರೋ! ನಮ್ಮ ಮನೆಯವರಂತೂ ನಂಬಿಯಾಗಿತ್ತು. ಅಪ್ಪನಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಮೂರು ಮಳೆಗಾಲ ಕಳೆದ ಮೇಲೆ ಚೌಕಟ್ಟಿನ ಬುಡಕ್ಕೆ ಮೊಳೆ ಒತ್ತಿ ನನಗೆ ತೋರಿಸಿದರು, ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. "ನಿನ್ನ ಹುಳಕ್ಕ ಹುಷಾರಿರಲಿಲ್ಲ ತಮ್ಮಾ, ನಮ್ಮವು ಹುಷಾರದಾವ" ಎಂದರು. ಆ ಚೌಕಟ್ಟನ್ನು ನನ್ನ ಪಗಾರದಲ್ಲಿ ಬದಲಿಸಿಕೊಟ್ಟೆ. ಅದರ ಒಂದು ತುಂಡು ಇಂದಿಗೂ ನನ್ನ ಮೇಜಿನ ಮೇಲಿದೆ.

ಪ್ರಯೋಗಶಾಲೆ ಒಂದೇ ಸಾಲದು. ಮೊದಲು ಹೇಳಿದ ಅಣಬೆ ಬೆಳೆಸುವ ಗೆದ್ದಲು ಡಬ್ಬಿಗೆ ಬರುವುದಿಲ್ಲವಾದ್ದರಿಂದ ನಾವೇ ಅದರ ಮನೆಗೆ ಹೋಗಬೇಕು. 30.5 ಸೆಂ.ಮೀ. ಉದ್ದ, 3.8 ಸೆಂ.ಮೀ. ದಪ್ಪದ ಗೂಟಗಳನ್ನು ಅರ್ಧ ನೆಲದಲ್ಲಿ ಹೂಳಿ ಸಾಲಾಗಿ ನಿಲ್ಲಿಸುತ್ತಾರೆ. ನೋಡಲು ಗೋರಿಯ ಕಲ್ಲುಗಳಂತೆ ಕಾಣುವುದರಿಂದ ಇದಕ್ಕೆ ಸ್ಮಶಾನ ಪರೀಕ್ಷೆ ಎಂದೇ ಹೆಸರು. ಬೆಂಗಳೂರಿನ ಮಲ್ಲೇಶ್ವರದಲ್ಲಿ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಕೇಂದ್ರವಿದೆ. ಅದು ಬೆಂಗಳೂರಿನ ಹೊರಗೆ ನಲ್ಲಾಳದ ಬಯಲಿನಲ್ಲಿ ಇಂಥ ಗೂಟಗಳನ್ನು ನೆಟ್ಟು ಪರೀಕ್ಷೆ ಮಾಡುತ್ತ ಬಂದಿದೆ. ಅಲ್ಲಿಯೂ ಎಣ್ಣೆ, ಔಷಧ ಹಚ್ಚಿದ ಗೂಟದ ಜೊತೆಗೆ ಬರೀ ಕಟ್ಟಿಗೆಯ ಗೂಟ ಇದ್ದೇ ಇರುತ್ತದೆ. ಇಂಥ ಪರೀಕ್ಷೆಯಿಂದಲೇ ಭಾರತೀಯ ಮಾನಕದಲ್ಲಿ ಕಟ್ಟಿಗೆಗೆ ಮೂರು ದರ್ಜೆ ಮಾಡಿದ್ದಾರೆ. 120 ತಿಂಗಳು ಮತ್ತು ಅದಕ್ಕೂ ಹೆಚ್ಚು ಬಾಳಿದರೆ ಒಂದನೆಯ ದರ್ಜೆ, 60ರಿಂದ 120 ತಿಂಗಳಾದರೆ ಎರಡನೆಯದು, ಅದಕ್ಕೂ ಕಡಿಮೆಯಾದರೆ ಮೂರನೆಯದು. ಸಾಗವಾನಿ ಒಂದನೆಯ ದರ್ಜೆ, ಮಾವು ಮೂರನೆಯದು. ಆದರೆ ಅದು ಮರದ ತಿರುಳಿಗೆ ಸಿಕ್ಕ ಅಂಕ. ಸಾಗವಾನಿಯ ಹೊರಗಿನ ಬಿಳಿ ಭಾಗವನ್ನು ಗೆದ್ದಲು ಮಾವಿನಂತೆಯೇ ತಿನ್ನುತ್ತದೆ. ಬಡಿಗೇರ ಅಣ್ಣಂದಿರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಕಟ್ಟಿಗೆಗೆ ಔಷಧ ಕುಡಿಸುವ ವಿದ್ಯೆಯಲ್ಲಿ ನಮ್ಮ ದೇಶದ್ದು ದೊಡ್ಡ ಪಾಲು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿಸಿ ಕಟ್ಟಿಗೆಯೊಳಗೆ ಇಳಿಸುವ ಪದ್ಧತಿಯನ್ನು 1933ರಲ್ಲಿ ಡೆಹ್ರಾಡೂನಿನಲ್ಲಿ ಕಂಡುಹಿಡಿದವರು ಸೊಂಟಿ ಕಾಮೇಶಂ. ಅದು ಜಗತ್ತಿನ ತುಂಬ ಹರಡಿತು. ಮುಂದೆ ಆರ್ಸೆನಿಕ್ಕಿನ ಅಪಾಯ ತಿಳಿದು ಅನೇಕ ದೇಶಗಳು ಮನೆಬಳಕೆಗೆ ಅದನ್ನು ಕಡಿಮೆ ಮಾಡಿದವು. ನಾವು ಚಿಕ್ಕವರಿದ್ದಾಗ ಕಾಳಿಗೂ ಪುಸ್ತಕದ ಕಪಾಟಿಗೂ ಉದುರಿಸುತ್ತಿದ್ದ ಬಿ.ಎಚ್.ಸಿ. ಪುಡಿ ನೆನಪಿರಬೇಕಲ್ಲ? ಅದನ್ನು 1997ರಲ್ಲಿ ನಿಷೇಧಿಸಿದರು. ಹಳೆಯ ಡಬ್ಬಿ ಯಾರ ಮನೆಯ ಮೂಲೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಬಳಸಬೇಡಿ. ಹಳೆಯ ವಿಷ ಹೋದ ಮೇಲೆ ಹೊಸ ಔಷಧ ಬರುತ್ತಲೇ ಇವೆ, ಅವುಗಳನ್ನು ಪರೀಕ್ಷಿಸಲು ಹುಳ ಬೇಕೇ ಬೇಕು. ಅದಕ್ಕೇ ಗೆದ್ದಲು ಸಾಕುವವರಿಗೆ ಪಗಾರ ಕೊಡುತ್ತಾರೆ!

ಇನ್ನು ನಮ್ಮ ಊರ ಮಾತು. ಹಿಂದೆ ನಮ್ಮದು ಒಣ ಸೀಮೆ. ಈಗ ತಿಕೋಟಾ, ಬಬಲೇಶ್ವರದ ಕಡೆ ಕಾಲುವೆ ನೀರು, ಹನಿ ನೀರಾವರಿ ಬಂದಿವೆ. ದ್ರಾಕ್ಷಿ ಪಡ ವರ್ಷವಿಡೀ ಹಸಿರಾಗಿರುತ್ತವೆ. ಸಂತೋಷದ ಸಂಗತಿ. ಆದರೆ ನೆಲದ ಗೆದ್ದಲಿಗೆ ಬೇಕಾದದ್ದೂ ತೇವವೇ. ಆದ್ದರಿಂದ ಮನೆ ಗೋಡೆಗೆ ತಾಗಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಕಣಿಕಿ, ಹತ್ತಿಕಟ್ಟಿಗೆಯನ್ನು ಗೋಡೆಗೆ ಒತ್ತಿ ಒಟ್ಟಬೇಡಿ, ಬಣವಿಯ ಕೆಳಗೆ ಕಲ್ಲು ಹಾಸಿ. ಕಾಗದಪತ್ರವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಇಡಿ. ಗೋಡೆಯ ಮೇಲೆ ಮಣ್ಣಿನ ಕೊಳವೆ ಕಂಡರೆ ಒರೆಸಿ ಸುಮ್ಮನಾಗಬೇಡಿ. ಒಂದು ಗೇಣು ಕೆಡವಿ ಎರಡು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಒಳಗೆ ಹುಳ ಇದೆ. ಹೊಸ ಮನೆ ಕಟ್ಟುವವರು ಅಡಿಪಾಯ ತುಂಬುವ ಮೊದಲೇ ಎಂಜಿನಿಯರನ್ನು ಗೆದ್ದಲು ತಡೆಯುವ ಕ್ರಮದ ಬಗ್ಗೆ ಕೇಳಿ, ಅದಕ್ಕೆ ಐ.ಎಸ್. 6313 ಎಂಬ ಮಾನಕವೇ ಇದೆ. ಯಾರಾದರೂ ಎಣ್ಣೆ, ಪುಡಿ, ಪೇಂಟು ಮಾರಲು ಬಂದು ನಮ್ಮ ಕಟ್ಟಿಗೆಗೆ ಗೆದ್ದಲು ಹತ್ತಲಿಲ್ಲ ಎಂದರೆ ನನ್ನ ಹಿರಿಯರು ಕೇಳಿದ ಪ್ರಶ್ನೆಯನ್ನೇ ಕೇಳಿ: ಪಕ್ಕದಲ್ಲಿಟ್ಟ ಬರೀ ಕಟ್ಟಿಗೆ ಏನಾಯಿತು? ಉತ್ತರ ಇಲ್ಲದವರ ಕೈಗೆ ದುಡ್ಡು ಕೊಡಬೇಡಿ.

ವಿದ್ಯಾರ್ಥಿಗಳಿಗೆ ಒಂದು ಆಟ ಹೇಳಿಕೊಡುತ್ತೇನೆ. ಬಿಳಿ ಹಾಳೆಯ ಮೇಲೆ ಬಾಲ್‌ಪೆನ್ನಿನಿಂದ ಒಂದು ವೃತ್ತ ಬರೆದು ಅದರ ಮೇಲೆ ಒಂದೆರಡು ಗೆದ್ದಲು ಬಿಡಿ. ಕೆಲವು ಜಾತಿಯ ಗೆದ್ದಲು ಆ ಗೆರೆಯನ್ನೇ ಹಿಡಿದು ಸುತ್ತುತ್ತವೆ. ಗೆದ್ದಲಿಗೆ ದಾರಿ ತೋರುವುದು ವಾಸನೆ, ಕೆಲವು ಶಾಯಿಯಲ್ಲಿರುವ ಒಂದು ರಾಸಾಯನಿಕ ಅದರ ಮೂಗಿಗೆ ಮನೆಯ ದಾರಿಯಂತೆ ತೋರುತ್ತದೆ. ಎಲ್ಲ ಪೆನ್ನಿಗೂ ಹೀಗಾಗುವುದಿಲ್ಲ. ಯಾವ ಪೆನ್ನಿಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ನೀವೇ ಪಟ್ಟಿ ಮಾಡಿ. ಜೊತೆಗೆ ಪೆನ್ಸಿಲ್ಲಿನ ಒಂದು ಗೆರೆಯನ್ನೂ ಬರೆಯಿರಿ. ಏಕೆಂದು ಈಗ ನಿಮಗೆ ಗೊತ್ತು. ಅದು ನಿಮ್ಮ ಬರೀ ಕಟ್ಟಿಗೆ. ಆಟ ಮುಗಿದ ಮೇಲೆ ಹುಳವನ್ನು ತಂದ ಜಾಗಕ್ಕೇ ಬಿಡಿ.

ಕೊನೆಯ ಮಾತು. ಇಂದು ಬೆಳಗ್ಗೆ ಧ್ವಜಾರೋಹಣಕ್ಕೂ ಮೊದಲು, ಒಂಬತ್ತನೆಯ ತರಗತಿಯ ಮಕ್ಕಳೂ ನಾನೂ ಕೂಡಿ ಶಾಲೆಯ ಹಿಂದಿನ ಬಯಲಿನಲ್ಲಿ ಇಪ್ಪತ್ತು ಗೂಟ ನೆಟ್ಟಿದ್ದೇವೆ. ಬೇವು, ಜಾಲಿ, ಸಾಗವಾನಿಯ ತಿರುಳು, ಮಾವು, ನಾಲ್ಕೂ ಬಗೆಯಲ್ಲಿ ಐದೈದು. ಸಾಲಿನಲ್ಲಿ ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದೆವು, ನಮ್ಮ ಪ್ರೀತಿಯ ಮರಕ್ಕೆ ಒಳ್ಳೆಯ ಜಾಗ ಸಿಗಬಾರದೆಂದು. ಆರು ತಿಂಗಳಿಗೊಮ್ಮೆ ಕಿತ್ತು ನೋಡಿ, ಅಂಕ ಬರೆದು, ಅದೇ ಕುಣಿಯಲ್ಲಿ ಮತ್ತೆ ನೆಡಬೇಕು. ಈ ತರಗತಿ ಹೋದ ಮೇಲೆ ಮುಂದಿನ ತರಗತಿ. ನಮ್ಮ ಎರೆ ಮಣ್ಣಿನಲ್ಲಿ ಯಾವ ಕಟ್ಟಿಗೆ ಎಷ್ಟು ವರ್ಷ ಬಾಳುತ್ತದೆ ಎಂಬುದು ಹತ್ತು ವರ್ಷದಲ್ಲಿ ಈ ಶಾಲೆಯ ಸ್ವಂತ ಲೆಕ್ಕವಾಗಿ ಸಿಗುತ್ತದೆ. ಊರಲ್ಲಿ ಮನೆ ಕಟ್ಟುವವರು ಬಂದು ಕೇಳಬಹುದು.

ಅದಕ್ಕೊಂದು ದಪ್ಪ ರಿಜಿಸ್ಟರ್ ತಂದಿದ್ದೇನೆ. ಮೊದಲ ಪುಟದಲ್ಲಿ ಇಂದಿನ ತಾರೀಖು ಬರೆದಾಗಿದೆ. ಅದನ್ನು ವಿಜ್ಞಾನದ ಗುರುಗಳ ಕೈಗೆ ಕೊಡುತ್ತಿದ್ದೇನೆ. ಒಂದೇ ಒಂದು ಕೋರಿಕೆ: ಸರ್, ದಯವಿಟ್ಟು ಕಬ್ಬಿಣದ ಕಪಾಟಿನಲ್ಲಿ ಇಡಿ.